ರಸಾಧಿಪತಿ ಗುರು, ಎಣ್ಣೆ ರೇಟು ಯಾರ ಕೈಲಿ?

ಯುಗಾದಿಯ ದಿನ ಪಂಚಾಂಗ ಓದುವಾಗ ಬೇರೆ ಊರುಗಳಲ್ಲಿ ಜನ ಕಿವಿಗೊಟ್ಟು ಕೇಳೋದು ಎರಡೇ ವಿಷಯ. ಈ ವರ್ಷ ಮಳೆ ಎಷ್ಟು ಕೊಳಗ, ನಮ್ಮ ರಾಶಿಗೆ ಆಯ ಎಷ್ಟು ವ್ಯಯ ಎಷ್ಟು. ನಾನು ಬೆಳೆದ ಚಳ್ಳಕೆರೆಯಲ್ಲಿ ಮೂರನೆಯದೊಂದಿತ್ತು. ರಸಾಧಿಪತಿ ಯಾರು?

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಪಂಚಾಂಗದ ಪ್ರಕಾರ ಪ್ರತಿ ಸಂವತ್ಸರಕ್ಕೂ ಒಂಬತ್ತು ಜನ ನಾಯಕರು. ಒಂಥರಾ ಮಂತ್ರಿಮಂಡಲ ಇದ್ದ ಹಾಗೆ. ರಾಜ, ಮಂತ್ರಿ, ಸೇನಾಧಿಪತಿ, ಸಸ್ಯಾಧಿಪತಿ, ಧಾನ್ಯಾಧಿಪತಿ, ಅರ್ಘಾಧಿಪತಿ, ಮೇಘಾಧಿಪತಿ, ರಸಾಧಿಪತಿ, ನೀರಸಾಧಿಪತಿ. ಅರ್ಘ ಅಂದ್ರೆ ಬೆಲೆ. ಅಂದರೆ ಧಾರಣೆ ಖಾತೆಗೇ ಒಬ್ಬ ಪ್ರತ್ಯೇಕ ಸಚಿವ! ರಸ ಅಂದ್ರೆ ಎಣ್ಣೆ, ತುಪ್ಪ, ಬೆಲ್ಲ ಇಂಥವು. ಶೇಂಗಾ ಬೆಳೆದು, ಶೇಂಗಾ ತೂಗಿ, ಶೇಂಗಾ ಅರೆದು ಬದುಕಿದ ಊರು ನಮ್ಮದು. ಎಣ್ಣೆ ನಗರಿ, ಎರಡನೇ ಬಾಂಬೆ ಅಂತೆಲ್ಲ ಕರೆಸಿಕೊಂಡು ಮೆರೆದ ಊರು. ಅಲ್ಲಿನವರಿಗೆ ರಾಜ ಯಾರಾದರೇನು, ಮಂತ್ರಿ ಯಾರಾದರೇನು. ಎಣ್ಣೆ ಖಾತೆ ಯಾರಿಗೆ ಸಿಕ್ತು ಅನ್ನೋದು ಮುಖ್ಯ. ಗುರುವೋ ಶುಕ್ರನೋ ಬಂದರೆ ಮಂಡಿಯ ಮುಂದೆ ನಾಲ್ಕು ಜನ ನಕ್ಕು ಮಾತಾಡೋರು. ಶನಿ ಬಂದರೆ ಎಲೆ ಅಡಿಕೆ ಹಾಕ್ಕೊಂಡು ಸುಮ್ಮನಾಗೋರು.

ಈ ಖಾತೆ ಹಂಚಿಕೆ ಹೇಗೆ ಆಗುತ್ತೆ ಅಂತ ನನಗೆ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ. ಏನೋ ಭಾರಿ ಗಣಿತ ಇರುತ್ತೆ ಅಂದ್ಕೊಂಡಿದ್ದೆ. ಇರೋದು ವಾರದ ಲೆಕ್ಕ, ಅಷ್ಟೆ. ಚೈತ್ರ ಶುದ್ಧ ಪಾಡ್ಯ ಯಾವ ವಾರ ಬೀಳುತ್ತೋ ಆ ವಾರದ ಗ್ರಹವೇ ರಾಜ. ಮೇಷ ಸಂಕ್ರಮಣದ ವಾರದವನು ಮಂತ್ರಿ. ಮಿಥುನ ಸಂಕ್ರಮಣದವನು ಅರ್ಘಾಧಿಪತಿ. ತುಲಾ ಸಂಕ್ರಮಣದವನು ರಸಾಧಿಪತಿ. 2024ರ ಯುಗಾದಿ ಏಪ್ರಿಲ್ 9, ಮಂಗಳವಾರ. ಹಾಗಾಗಿ ಕ್ರೋಧಿ ಸಂವತ್ಸರಕ್ಕೆ ಕುಜ ರಾಜ. ಆ ವರ್ಷ ಸೂರ್ಯ ತುಲೆಗೆ ಬಂದಿದ್ದು ಅಕ್ಟೋಬರ್ 17, ಗುರುವಾರ. ಹಾಗಾಗಿ ಗುರು ರಸಾಧಿಪತಿ. ಮರುವರ್ಷ ಅದೇ 17 ಶುಕ್ರವಾರ ಬಿತ್ತು, ಶುಕ್ರ ಬಂದ. ಸೂರ್ಯನ ಸಂಕ್ರಮಣ ವರ್ಷಕ್ಕೆ ಒಂದು ವಾರ, ಕೆಲವು ಸಲ ಎರಡು ವಾರ ಮುಂದಕ್ಕೆ ಹೋಗುತ್ತೆ. ಸೋಮವಾರ ಇದ್ದದ್ದು ಮಂಗಳವಾರ ಆಗುತ್ತೆ, ಅಷ್ಟೇ. ಮನೆ ಗೋಡೆಯ ಕ್ಯಾಲೆಂಡರ್ ಮುಂದೆ ಕೂತರೆ ಇನ್ನು ಹತ್ತು ವರ್ಷದ ಎಣ್ಣೆ ಮಂತ್ರಿಗಳನ್ನ ನೀವೇ ನೇಮಕ ಮಾಡಬಹುದು. ಆಕಾಶದಲ್ಲಿ ಗುರು ಎಲ್ಲಿದ್ದಾನೆ ಅಂತ ತಲೆ ಎತ್ತಿ ನೋಡೋದೂ ಬೇಡ.

ನಮ್ಮಪ್ಪ ಶೇಂಗಾ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಹೊಸ ಲೆಕ್ಕದ ಪುಸ್ತಕದ ಮೊದಲ ಪುಟಕ್ಕೆ ಅರಿಶಿನ ಕುಂಕುಮ ಹಚ್ಚಿ, ಸಂವತ್ಸರದ ಹೆಸರು ಬರೆದು, ಅದರ ಕೆಳಗೆ ರಸಾಧಿಪತಿ ಇಂಥವನು ಅಂತ ದುಂಡಗೆ ಬರೆಯೋರು. ಬರೆದು, ಕೈಮುಗಿದು, ಆಮೇಲೆ ಬಾಂಬೆಗೆ ಟ್ರಂಕ್ ಕಾಲ್ ಬುಕ್ ಮಾಡೋರು. ಅಲ್ಲಿಂದ ಎಣ್ಣೆ ರೇಟು ಬರೋ ತನಕ ಒಂದು ಚೀಲವೂ ಅಲುಗಾಡ್ತಿರಲಿಲ್ಲ. ಇದರಲ್ಲಿ ಅವರಿಗೆ ಯಾವ ವಿರೋಧಾಭಾಸವೂ ಕಾಣಲಿಲ್ಲ. ನನಗೂ ಈಗ ಕಾಣೋದಿಲ್ಲ. ಗ್ರಹಕ್ಕೆ ಮರ್ಯಾದೆ, ಫೋನಿಗೆ ವ್ಯವಹಾರ.

ಧಾರಣೆ ಮತ್ತು ಗ್ರಹದ ನಂಟು ಮಂಡಿಯವರು ಹುಟ್ಟಿಸಿದ್ದಲ್ಲ. ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಅರ್ಘಕಾಂಡ ಅಂತ ಒಂದು ಅಧ್ಯಾಯವನ್ನೇ ಇಟ್ಟಿದ್ದಾನೆ. ಸೂರ್ಯ ಇಂಥ ರಾಶಿಯಲ್ಲಿದ್ದಾಗ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಇಂಥ ಉತ್ಪಾತ ಕಂಡರೆ ಇಂಥ ಸರಕು ಕೊಂಡಿಡಿ, ಇಷ್ಟು ತಿಂಗಳ ಮೇಲೆ ಮಾರಿ, ಲಾಭ ಬರುತ್ತೆ ಅನ್ನೋ ಧಾಟಿ. ಈಗಿನ ಮಾತಲ್ಲಿ ಹೇಳೋದಾದ್ರೆ ಟಾರ್ಗೆಟ್ ಇದೆ, ಹೋಲ್ಡಿಂಗ್ ಪೀರಿಯಡ್ ಇದೆ. ಸ್ಟಾಪ್ ಲಾಸ್ ಮಾತ್ರ ಇಲ್ಲ.

ಈ ನಂಬಿಕೆಗೆ ನಮ್ಮ ಸೀಮೆಯಲ್ಲಿ ಇಷ್ಟು ಗಟ್ಟಿ ಬೇರು ಯಾಕೆ ಅಂತ ಯೋಚಿಸಿದರೆ ನನಗೆ ಸಿಗೋ ಉತ್ತರ ಮಳೆ. ಚಳ್ಳಕೆರೆ, ಮೊಳಕಾಲ್ಮೂರು ಅಂದ್ರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ತಾಲ್ಲೂಕುಗಳು. ವರ್ಷಕ್ಕೆ ಐನೂರು ಮಿಲಿಮೀಟರ್ ಆದರೆ ಅದು ಹಬ್ಬ. ಆ ಮಳೆಯನ್ನ ನಮ್ಮ ಜನ ಜೂನ್ ಜುಲೈ ಅಂತ ಕರೆಯೋದಿಲ್ಲ. ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಅಂತಾರೆ. ಆರಿದ್ರೆ ಹದ ಆಯ್ತಾ, ಪುನರ್ವಸುನಲ್ಲಿ ಬಿತ್ತಿದ್ಯಾ, ಹೀಗೆ. ಇದು ಕೆಲಸ ಮಾಡುತ್ತೆ. ಯಾಕಂದ್ರೆ ಇದು ಜ್ಯೋತಿಷ್ಯ ಅಲ್ಲವೇ ಅಲ್ಲ, ಕ್ಯಾಲೆಂಡರು. ಸೂರ್ಯ ಒಂದು ನಕ್ಷತ್ರ ದಾಟೋಕೆ ಹದಿಮೂರು ಹದಿನಾಲ್ಕು ದಿನ. ಮೃಗಶಿರ ಹುಟ್ಟೋದು ಜೂನ್ 8ರ ಸುಮಾರಿಗೆ, ಆರಿದ್ರೆ ಜೂನ್ 22ರ ಸುಮಾರಿಗೆ, ಪ್ರತಿ ವರ್ಷವೂ. ಮುಂಗಾರನ್ನ ತರೋದು ಸೂರ್ಯನೇ, ಹಾಗಾಗಿ ಸೂರ್ಯನ ಜಾಗ ನೋಡಿ ಮಳೆಗೆ ಹೆಸರಿಡೋದು ಸರಿಯಾದ ಲೆಕ್ಕವೇ. ಅದು ಯಾವಾಗ ಬಿತ್ತಬೇಕು ಅಂತ ಹೇಳುತ್ತೆ. ಈ ವರ್ಷ ಎಷ್ಟು ಬೀಳುತ್ತೆ ಅಂತ ಹೇಳೋದಿಲ್ಲ, ಎಷ್ಟಕ್ಕೆ ಮಾರುತ್ತೆ ಅಂತಲೂ ಹೇಳೋದಿಲ್ಲ. ಆದರೆ ಒಂದು ಕಡೆ ಸಂಪಾದಿಸಿದ ಮರ್ಯಾದೆ ಇನ್ನೊಂದು ಕಡೆಗೂ ಹರಿದುಬಿಡುತ್ತೆ ನೋಡಿ. ಆರಿದ್ರೆ ನಿಜವಾದ ಮೇಲೆ ಅರ್ಘಾಧಿಪತಿಯೂ ನಿಜ ಇರಬೇಕು ಅನಿಸುತ್ತೆ.

ಹಳ್ಳಿಯವರಿಗೆ ಮಾತ್ರ ಹಾಗನಿಸಿತು ಅಂದ್ಕೋಬೇಡಿ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನೂ ಪಕ್ಕದ ಬಳ್ಳಾರಿಯನ್ನೂ ಸುಟ್ಟ ಬರಗಾಲವನ್ನ ನಮ್ಮ ಹಿರಿಯರು ಇಸವಿಯಿಂದ ನೆನಪಿಟ್ಟಿರಲಿಲ್ಲ, ಧಾತು ಈಶ್ವರ ಸಂವತ್ಸರದ ಬರ ಅಂತಿದ್ದರು. ಆ ಬರ ನಡೀತಿರುವಾಗಲೇ, 1877ರಲ್ಲಿ, ನಾರ್ಮನ್ ಲಾಕಿಯರ್ ಅನ್ನೋ ಖಗೋಳ ವಿಜ್ಞಾನಿ ಮತ್ತು ಡಬ್ಲ್ಯೂ. ಡಬ್ಲ್ಯೂ. ಹಂಟರ್ ಅನ್ನೋ ಅಧಿಕಾರಿ ಸೇರಿ ಒಂದು ಲೇಖನ ಬರೆದರು. ಸೂರ್ಯನ ಮೇಲಿನ ಕಲೆಗಳು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚು ಕಡಿಮೆ ಆಗ್ತಾವೆ, ದಕ್ಷಿಣ ಭಾರತದ ಬರವೂ ಅದೇ ಚಕ್ರದಲ್ಲಿ ಬರುತ್ತೆ ಅಂತ. ಆಧಾರ ಮದ್ರಾಸಿನ ಮಳೆ ದಾಖಲೆ. ಅದೇ ಹೊತ್ತಿಗೆ ಇಂಗ್ಲೆಂಡಿನ ದೊಡ್ಡ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಲಂಡನ್ನಿನ ವ್ಯಾಪಾರ ಕುಸಿತಗಳಿಗೂ ಸೂರ್ಯನ ಕಲೆಗಳಿಗೂ ಗಂಟು ಹಾಕ್ತಿದ್ದ. ಅವನ ತರ್ಕದ ದಾರಿ ನಮ್ಮ ಹೊಲದ ಮೇಲೇ ಹಾದುಹೋಗಿತ್ತು. ಸೂರ್ಯನಲ್ಲಿ ಏರುಪೇರಾದರೆ ಭಾರತದ ಬೆಳೆ ಕೆಡುತ್ತೆ, ರೈತನ ಕೈಲಿ ಕಾಸಿರೋದಿಲ್ಲ, ಮ್ಯಾಂಚೆಸ್ಟರ್ ಬಟ್ಟೆ ಕೊಳ್ಳೋರಿಲ್ಲ, ಅಲ್ಲಿ ಕುಸಿತ! ಕೇಳೋಕೆ ಎಷ್ಟು ಚಂದ. ಆದರೆ ಕಲೆಗಳ ಚಕ್ರ ಹನ್ನೊಂದು ವರ್ಷ, ಅವನ ಕುಸಿತಗಳ ಸರಾಸರಿ ಸುಮಾರು ಹತ್ತೂವರೆ. ಕಲೆಗಳ ಅವಧಿಯೂ ಹತ್ತೂವರೆಯ ಹತ್ತಿರವೇ ಅನ್ನೋ ಹೊಸ ಅಂದಾಜು ಕಂಡಾಗ ಅದನ್ನೇ ಅಪ್ಪಿಕೊಂಡ. 1923ರಲ್ಲಿ ಅಮೆರಿಕದ ಹೆನ್ರಿ ಲಡ್ವೆಲ್ ಮೂರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎಂಟು ವರ್ಷದ ಆರ್ಥಿಕ ಚಕ್ರಕ್ಕೆ ಶುಕ್ರಗ್ರಹವೇ ಕಾರಣ ಅಂದ. ಇವರ್ಯಾರೂ ಗಿಳಿಶಾಸ್ತ್ರದವರಲ್ಲ. ಧಾತು ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಬರುತ್ತೆ. 1936ರಲ್ಲಿ ಬಂತು, 1996ರಲ್ಲೂ ಬಂತು. 1876ರಂಥ ಬರ ಬರಲಿಲ್ಲ.

ಹಾಗಾದ್ರೆ ಚಳ್ಳಕೆರೆಯ ಎಣ್ಣೆ ರೇಟನ್ನ ಅಲ್ಲಾಡಿಸಿದವರು ಯಾರು? ನಾನು ಕಂಡ ಹಾಗೆ ಮೊದಲ ಪೆಟ್ಟು 1994. ಆ ವರ್ಷ ಪಾಮೋಲಿನ್ ಆಮದನ್ನ ಖಾಸಗಿಯವರಿಗೆ ಬಿಟ್ಟರು, ಶೇ. 65 ಸುಂಕ ಹಾಕಿ. 1998ರ ಹೊತ್ತಿಗೆ ಆ ಸುಂಕ ಶೇ. 15. ಮಲೇಷ್ಯಾ, ಇಂಡೋನೇಷ್ಯಾದ ತಾಳೆ ಎಣ್ಣೆ ಹಡಗಿನಲ್ಲಿ ಬಂದಿಳೀತು. ನಮ್ಮ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಆ ವರ್ಷಗಳಲ್ಲೂ ಏಳು ಗ್ರಹಗಳು ಸರದಿ ಪ್ರಕಾರ ರಸಾಧಿಪತಿಗಳಾಗ್ತಾನೇ ಇದ್ದವು, ಪಾಪ. 2022ರ ಏಪ್ರಿಲ್ 28ಕ್ಕೆ ಇಂಡೋನೇಷ್ಯಾ ಸರ್ಕಾರ ತಾಳೆ ಎಣ್ಣೆ ರಫ್ತು ನಿಲ್ಲಿಸಿತು. ಮೇ 23ಕ್ಕೆ ಮತ್ತೆ ಬಿಟ್ಟಿತು. ಆ ಇಪ್ಪತ್ತೈದು ದಿನ ನಮ್ಮ ಕಿರಾಣಿ ಅಂಗಡಿಗಳಲ್ಲಿ ಎಣ್ಣೆ ಪಾಕೀಟಿಗೆ ಬಂದ ಮರ್ಯಾದೆ ಗುರುವಿಗೂ ಬಂದಿರಲಿಲ್ಲ.

ಇನ್ನೊಂದು ಹೇಳ್ತೀನಿ, ಇದು ಮಜವಾಗಿದೆ. 2024ರ ಸೆಪ್ಟೆಂಬರ್ 14ರಿಂದ ಕೇಂದ್ರ ಸರ್ಕಾರ ಕಚ್ಚಾ ಖಾದ್ಯ ತೈಲದ ಮೂಲ ಆಮದು ಸುಂಕವನ್ನ ಸೊನ್ನೆಯಿಂದ ಶೇ. 20ಕ್ಕೆ ಏರಿಸಿತು. ಅವತ್ತು ಯಾವ ವಾರ? ಶನಿವಾರ. ಕ್ರೋಧಿ ಸಂವತ್ಸರದ ಅರ್ಘಾಧಿಪತಿ ಯಾರು? ಶನಿ! ಹೊಂದಿಬಿಡ್ತಲ್ಲ. ಬೆಲೆ ಖಾತೆಯ ಮಂತ್ರಿ ತನ್ನ ವಾರದ ದಿನವೇ ಆದೇಶ ಹೊರಡಿಸಿದ. ನಾನೇ ಹುಡುಕಿ ತೆಗೆದಿದ್ದು ಇದು, ಹತ್ತು ನಿಮಿಷ ಬೇಕಾಯ್ತು. ಒಂಬತ್ತು ನಾಯಕರು, ಏಳು ವಾರ, ವರ್ಷಕ್ಕೆ ಹತ್ತಾರು ಸುದ್ದಿ. ಹೊಂದಾಣಿಕೆ ಸಿಗದಿದ್ದರೇ ಆಶ್ಚರ್ಯ. ಸುಂಕ ಏರಿದ್ದರಿಂದ ಶೇಂಗಾ ರೈತನಿಗೆ ಲಾಭ ಆಗಬೇಕಿತ್ತು. ಆ ಸಲ ದೇಶದಲ್ಲಿ ಬೆಳೆ ಚೆನ್ನಾಗಿ ಬಂದು, ಬಹಳ ಮಾರುಕಟ್ಟೆಗಳಲ್ಲಿ ಶೇಂಗಾ 6,783 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೇ ಹೋಯ್ತು. ಗುರು ರಸಾಧಿಪತಿ, ಆದರೂ.

ಇನ್ನೊಂದು ವಿಷಯ ನನಗೆ ಯಾವತ್ತೂ ಅರ್ಥ ಆಗಿಲ್ಲ. ಶುಭ ಅಂದ್ರೆ ಯಾರಿಗೆ? ಬೆಲೆ ಏರಿದರೆ ಬೆಳೆದವನಿಗೆ ಶುಭ, ಒಗ್ಗರಣೆ ಹಾಕೋರಿಗೆ ಅಶುಭ. ಮಂಡಿಯಲ್ಲಿ ಒಂದು ಚೀಲಕ್ಕೆ ಇಬ್ಬರು ಇರ್ತಾರೆ, ಮಾರೋನು ಕೊಳ್ಳೋನು. ಇಬ್ಬರೂ ಅದೇ ಪಂಚಾಂಗ ಕೇಳಿ ಬಂದಿರ್ತಾರೆ.

ಇಷ್ಟು ದಿನ ಇದೆಲ್ಲ ಯುಗಾದಿಯ ಒಂದು ಸಾಯಂಕಾಲದ ಸಡಗರ ಆಗಿತ್ತು. ಯಾರ ಮನೆಯೂ ಹಾಳಾಗಿರಲಿಲ್ಲ. ಈಗ ಅದು ಮೊಬೈಲಿಗೆ ಬಂದಿದೆ. ಗ್ರಹ ನೋಡಿ ನಿಫ್ಟಿ ಹೇಳೋರು, ಚಂದ್ರನ ನಕ್ಷತ್ರ ನೋಡಿ ಬ್ಯಾಂಕ್ ನಿಫ್ಟಿ ಹೇಳೋರು, ಅಮೆರಿಕದ ಗ್ಯಾನ್ ಅನ್ನೋನ ಹೆಸರಲ್ಲಿ ಡಿಗ್ರಿ ಲೆಕ್ಕ ಕಲಿಸೋರು. ತಿಂಗಳಿಗೆ ಇಷ್ಟು ಅಂತ ಫೀಸು. ಚಳ್ಳಕೆರೆ ಬಸ್ ಸ್ಟ್ಯಾಂಡಲ್ಲಿ ಕೂತ ಹುಡುಗರ ಫೋನಿನಲ್ಲಿ ಹಸಿರು ಕೆಂಪು ಕಡ್ಡಿಗಳನ್ನ ನಾನೇ ನೋಡಿದ್ದೀನಿ. ಕುದಾಪುರದ ಕಾವಲಿನಲ್ಲಿ ವಿಜ್ಞಾನ ಸಂಸ್ಥೆಗಳು ಬಂದು ಕೂತಿವೆ, ಡಿಆರ್‌ಡಿಒದವರು ಅಲ್ಲಿ ಪೈಲಟ್ ಇಲ್ಲದ ವಿಮಾನ ಹಾರಿಸಿ ಪರೀಕ್ಷೆ ಮಾಡ್ತಾರೆ. ಅದೇ ಆಕಾಶದ ಕೆಳಗೆ ಈ ವ್ಯಾಪಾರ.

ನಮ್ಮ ಅಕ್ಕನ ಮಗನೂ ಇದಕ್ಕೆ ಸೇರಿದ. ಅಕ್ಕನನ್ನ ಕೊಟ್ಟಿರೋದು ಮೊಳಕಾಲ್ಮೂರಿಗೆ. ಮನೆಯಲ್ಲಿ ಮೂರು ಮಗ್ಗ, ರೇಷ್ಮೆ ಸೀರೆ. ಹುಡುಗ ಬಿಕಾಂ ಮಾಡಿದ್ದಾನೆ, ಬುದ್ಧಿವಂತ. ವಾದಕ್ಕೆ ಕೂತರೆ ನನ್ನನ್ನ ಸುಮ್ಮನೆ ಬಿಡೋನಲ್ಲ. ನಾನು ರಾಹುಕಾಲದ ವಿಷಯ ಎತ್ತಿದೆ ಒಂದು ಸಲ. ಅವನ ಗುರುಗಳು ರಾಹುಕಾಲದಲ್ಲಿ ಟ್ರೇಡ್ ಹಾಕಬೇಡಿ ಅಂತಾರಂತೆ. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು, ಮಾರ್ಕೆಟ್ ತೆರೆಯೋದು ಒಂಬತ್ತೂಕಾಲಿಗೆ. ಸೋಮವಾರ ರಾಹುವಿಗೆ ರಜೆನಾ ಅಂತ ಕೇಳಿದೆ. ಅದೂ ಅಲ್ಲದೆ ರಾಹುಕಾಲ ಸೂರ್ಯೋದಯದ ಮೇಲೆ ಲೆಕ್ಕ. ಮೊಳಕಾಲ್ಮೂರಿನ ಸೂರ್ಯೋದಯವೋ, ವ್ಯವಹಾರ ನಡೆಯೋ ಮುಂಬೈನ ಸೂರ್ಯೋದಯವೋ? ನಕ್ಕ. ಗುರುವಾರ ಎಕ್ಸ್‌ಪೈರಿ ಇರೋದರಿಂದ ಗುರು ಧನಕಾರಕ, ಆ ದಿನವೇ ದೊಡ್ಡ ಚಲನೆ ಅನ್ನೋದು ಅವರ ಇನ್ನೊಂದು ಸೂತ್ರ. 2025ರ ಸೆಪ್ಟೆಂಬರಿನಿಂದ ನಿಫ್ಟಿ ಎಕ್ಸ್‌ಪೈರಿ ಮಂಗಳವಾರಕ್ಕೆ ಹೋಯ್ತು. ಒಂದು ಸುತ್ತೋಲೆ ಸಾಕಾಯ್ತು, ಗುರುವಿನ ಅಧಿಕಾರ ಕುಜನಿಗೆ.

ದೀಪಾವಳಿಯ ಮುಹೂರ್ತ ಟ್ರೇಡಿಂಗ್ ವಿಷಯವೂ ಬಂತು. ಬಾಂಬೆ ಷೇರುಪೇಟೆಯಲ್ಲಿ 1957ರಿಂದ ನಡೀತಿದೆ. ಅದು ಲಕ್ಷ್ಮೀಪೂಜೆಯ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆ ದಿನ ಗಾಡಿ ಕೂಡ ಕೊಳ್ಳಲ್ಲ. ತಮಿಳುನಾಡಿನವರಿಗೆ ಅಮಾವಾಸ್ಯೆ ಒಳ್ಳೇ ದಿನ. ಒಬ್ಬನೇ ಚಂದ್ರ, ಜೋಲಾರಪೇಟೆ ದಾಟುತ್ತಲೂ ಸ್ವಭಾವ ಬದಲಾಯಿಸ್ತಾನೆ. ಗ್ರಹಗಳಿಗೆ ಪೂರ್ತಿ ಅನ್ಯಾಯ ಮಾಡಬಾರದು ಅಂತ ಇದನ್ನೂ ಹೇಳ್ತೀನಿ: 48 ದೇಶಗಳ ಷೇರುಪೇಟೆ ಅಂಕಿ ಹಿಡಿದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹುಣ್ಣಿಮೆ ಆಸುಪಾಸಿಗಿಂತ ಅಮಾವಾಸ್ಯೆ ಆಸುಪಾಸಿನಲ್ಲಿ ಗಳಿಕೆ ಸ್ವಲ್ಪ ಹೆಚ್ಚು ಕಂಡಿತ್ತು, ವರ್ಷದ ಲೆಕ್ಕದಲ್ಲಿ ಶೇ. 3ರಿಂದ 5. ಅಷ್ಟನ್ನ ದಲ್ಲಾಳಿ ಕಮಿಷನ್ನು, ತೆರಿಗೆಯೇ ತಿಂದುಹಾಕುತ್ತೆ.

ಆದರೆ ಅವನು ಒಂದು ಪ್ರಶ್ನೆ ಕೇಳಿದ. ಅದಕ್ಕೆ ನಾನು ತಕ್ಷಣ ಉತ್ತರ ಕೊಡಲಿಲ್ಲ.

"ಮಾಮ, ಗ್ರಹದಿಂದ ಮಾರ್ಕೆಟ್ ಅಲ್ಲಾಡಲ್ಲ ಅಂತೀಯಲ್ಲ. ಹೋದ ಮೇ ತಿಂಗಳಲ್ಲಿ ನಮ್ಮನೆ ಮಗ್ಗ ನಿಲ್ಸಿದ್ದು ಯಾರು?"

2024ರ ಮೇ, ಜೂನ್ ನಿಮಗೆ ನೆನಪಿರಬಹುದು. ಮದುವೆ ಮುಹೂರ್ತಗಳೇ ಇರಲಿಲ್ಲ. ಗುರು ಮೌಢ್ಯ, ಶುಕ್ರ ಮೌಢ್ಯ ಎರಡೂ ಒಟ್ಟಿಗೆ ಬಂದಿದ್ದವು. ಮೌಢ್ಯ ಅಂದ್ರೆ ಇಲ್ಲಿ ಮೂಢನಂಬಿಕೆ ಅಲ್ಲ, ಗ್ರಹ ಸೂರ್ಯನ ಹತ್ತಿರ ಸರಿದು ಕಣ್ಣಿಗೆ ಕಾಣದೇ ಹೋಗೋದು. ಮೇ 18ಕ್ಕೆ ಗುರು, ಜೂನ್ 4ಕ್ಕೆ ಶುಕ್ರ ಸೂರ್ಯನ ನೇರಕ್ಕೆ ಬಂದರು. ಇಬ್ಬರೂ ಶುಭಗ್ರಹಗಳು, ಇಬ್ಬರೂ ಅಸ್ತ. ಛತ್ರಗಳು ಖಾಲಿ. ವರ್ಷದಲ್ಲಿ ಅತಿ ಹೆಚ್ಚು ಸೀರೆ ಹೋಗೋ ಎರಡು ತಿಂಗಳು ಬಾಯಿ ಮುಚ್ಚಿಕೊಂಡವು. ಅದರ ಬೆನ್ನಿಗೇ ಆಷಾಢ. ಮೊಳಕಾಲ್ಮೂರಿನ ಸೀರೆ ಅಂದ್ರೆ ಮದುವೆ ಸೀರೆ. ಅಂಚಿನಲ್ಲಿ ನವಿಲು, ಮಾವಿನಕಾಯಿ. ದಿನಗಟ್ಟಲೆ ಕೂತು ನೇಯಬೇಕು. ಅದನ್ನ ಸುಮ್ಮನೆ ಬುಧವಾರ ಉಡೋಕೆ ಯಾರೂ ಕೊಳ್ಳಲ್ಲ. ಅಕ್ಕನ ಮನೆಯಲ್ಲಿ ಎರಡು ಮಗ್ಗಕ್ಕೆ ಬಟ್ಟೆ ಹೊದಿಸಿದ್ದರು.

ಹುಡುಗನ ಪ್ರಶ್ನೆ ಸರಿಯಾಗಿಯೇ ಇತ್ತು. ಗ್ರಹ ಮಾರುಕಟ್ಟೆಯನ್ನ ನಿಲ್ಲಿಸಿದ್ದು ನಿಜ. ಅದಕ್ಕೆ ಅವನ ಹತ್ತಿರ ಇನ್ನೊಂದು ಸಾಕ್ಷಿಯೂ ಇತ್ತು. ಶುಕ್ರ ಪೂರ್ತಿ ಮುಳುಗಿದ ಅದೇ ಜೂನ್ 4ನೇ ತಾರೀಕು ನಿಫ್ಟಿ ಶೇ. 5.9 ಮುಳುಗಿತ್ತು. ಅವನ ಗುರುಗಳು ಶುಕ್ರಾಸ್ತ ಅಂತ ಪುಟ್ ಕೊಳ್ಳೋಕೆ ಹೇಳಿದ್ದರಂತೆ. ಒಂದೇ ದಿನದಲ್ಲಿ ಒಂದು ಲಕ್ಷದ ನಲವತ್ತು ಸಾವಿರ ಬಂತು. ಅಷ್ಟು ದುಡ್ಡನ್ನ ಅವರಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಒಂದು ವರ್ಷದಲ್ಲೂ ಕಂಡಿರಲಿಲ್ಲ.

ಜೂನ್ 4 ಅಂದ್ರೆ ಲೋಕಸಭೆ ಚುನಾವಣೆಯ ಫಲಿತಾಂಶದ ದಿನ. ಹಿಂದಿನ ದಿನ ಮತಗಟ್ಟೆ ಸಮೀಕ್ಷೆ ನಂಬಿ ನಿಫ್ಟಿ ಶೇ. 3.25 ಮೇಲೆ ಹಾರಿತ್ತು. ಜೂನ್ 3ಕ್ಕೂ ಶುಕ್ರ ಹೆಚ್ಚುಕಮ್ಮಿ ಅಲ್ಲೇ ಇದ್ದ, ಅಷ್ಟೇ ಮುಳುಗಿದ್ದ. ಅದಕ್ಕೂ ಹಿಂದೆ ಶುಕ್ರ ಇದೇ ಥರ ಸೂರ್ಯನ ಹಿಂದೆ ಹೋಗಿದ್ದು 2022ರ ಅಕ್ಟೋಬರ್ 22. ಅವತ್ತು ಶನಿವಾರ, ಮಾರ್ಕೆಟ್ಟಿಗೆ ರಜೆ. ಸೋಮವಾರ ಸಂಜೆ ದೀಪಾವಳಿ ಮುಹೂರ್ತದಲ್ಲಿ ತೆರೆದಾಗ ಏರಿತು. ಇದನ್ನೆಲ್ಲ ಹೇಳಿದೆ. ಜೇಬಲ್ಲಿ ಲಕ್ಷ ರೂಪಾಯಿ ಇರೋನ ಕಿವಿಗೆ ತಾರೀಕುಗಳು ಹೋಗೋದಿಲ್ಲ.

ಮಗ್ಗದ ಪ್ರಶ್ನೆಗೆ ಉತ್ತರ ನನಗೆ ಹೊಳೆದಿದ್ದು ಬಸ್ಸಿನಲ್ಲಿ, ತಳಕು ದಾಟಿದ ಮೇಲೆ. ಶುಕ್ರ ಮಗ್ಗ ನಿಲ್ಲಿಸಿದ್ದು ಯಾಕೆ ಅಂದ್ರೆ ಲಕ್ಷಾಂತರ ಮನೆಗಳು ಒಂದೇ ಪಂಚಾಂಗ ನೋಡಿ, ಒಂದೇ ತಿಂಗಳು ಮದುವೆ ಬೇಡ ಅಂದವು. ಶುಕ್ರ ಏನೂ ಮಾಡಲಿಲ್ಲ, ಜನ ಮಾಡಿದರು. ಅದು ಮುಚ್ಚಿಟ್ಟ ಗುಟ್ಟೂ ಅಲ್ಲ. ಒಂಟಿಕೊಪ್ಪಲ್ ಪಂಚಾಂಗದಲ್ಲಿ ಮೊದಲೇ ಅಚ್ಚಾಗಿರುತ್ತೆ. ಸೀರೆ ಅಂಗಡಿಯವನಿಗೆ ಗೊತ್ತು, ಛತ್ರದವನಿಗೆ ಗೊತ್ತು, ವಾಲಗದವನಿಗೂ ಗೊತ್ತು. ಎಲ್ಲರಿಗೂ ಗೊತ್ತಿರೋದರಿಂದ ಯಾರಿಗೂ ಅದರಲ್ಲಿ ಹೆಚ್ಚಿನ ಲಾಭ ಇಲ್ಲ. ತಯಾರಿ ಮಾಡಿಕೊಂಡರೆ ನಷ್ಟ ಸ್ವಲ್ಪ ಕಡಿಮೆ, ಅಷ್ಟೆ. ಅಕ್ಕ ಆ ಚಳಿಗಾಲದಲ್ಲೇ ರೇಷ್ಮೆ ಕಡಿಮೆ ತರಿಸಿದ್ದಳು. ಅವಳೂ ಗ್ರಹ ನೋಡಿಯೇ ವ್ಯಾಪಾರ ಮಾಡಿದ್ದು! ಆದರೆ ಅವಳ ಎದುರಿಗಿದ್ದವರು ಆ ಗ್ರಹವನ್ನ ಪಾಲಿಸೋ ಜನ. ಹುಡುಗನ ಎದುರಿಗಿರೋದು ಯಾರು? ಮುಂಬೈಯ ಯಾವುದೋ ಕಟ್ಟಡದ ಕಂಪ್ಯೂಟರು. ಅದಕ್ಕೆ ಗುರು ಮೌಢ್ಯವೂ ಇಲ್ಲ, ಆಷಾಢವೂ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಒಂದು ಲೆಕ್ಕ ಬಿಡುಗಡೆ ಮಾಡಿತು. ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇ. 93 ಮಂದಿ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ. 2023-24ರಲ್ಲಿ ಗೆದ್ದ ವಿದೇಶಿ ಹೂಡಿಕೆದಾರರ ಲಾಭದಲ್ಲಿ ಶೇ. 97 ಬಂದಿದ್ದು ಕಂಪ್ಯೂಟರ್ ಹಾಕಿದ ವ್ಯವಹಾರದಿಂದ. ಆ ಶೇ. 93ರಲ್ಲಿ ಮೇಷದಿಂದ ಮೀನದವರೆಗೆ ಎಲ್ಲ ರಾಶಿಯವರೂ ಇದ್ದಾರೆ ಅಂತ ಹೇಳೋಕೆ ಅಧ್ಯಯನ ಬೇಕಿಲ್ಲ.

ದುಡ್ಡು ಹೋದ ಕಥೆ ಚಿಕ್ಕದು. ಜುಲೈಯಿಂದ ನವೆಂಬರ್. ಮೊದಲು ಬಂದಿದ್ದು ಹೋಯ್ತು, ಆಮೇಲೆ ಇದ್ದಿದ್ದು. ಆಮೇಲೆ ರೇಷ್ಮೆಗೆ ಅಂತ ತಂದ ಸಾಲದ ದುಡ್ಡು. ಒಟ್ಟು ಐದು ಲಕ್ಷದ ಮೇಲೆ. ಒಂದು ಮಗ್ಗ ಮಾರಿದರು. ಕೇಳಿದರೆ ಅವನ ಗುರುಗಳು ನಿನ್ನ ಜಾತಕದಲ್ಲಿ ಅಷ್ಟಮ ಶನಿ ಇದೆ, ಸೂತ್ರದ್ದೇನೂ ತಪ್ಪಿಲ್ಲ ಅಂದರಂತೆ. ನನಗೆ ಸಿಟ್ಟು ಬಂದಿದ್ದು ಅಲ್ಲಿ. ಗೆದ್ದರೆ ಗುರುಗಳ ವಿದ್ಯೆ, ಸೋತರೆ ಶಿಷ್ಯನ ಶನಿ. ನಮ್ಮಪ್ಪನ ಕಾಲದ ಪಂಚಾಂಗದ ಜೋಯಿಸರು ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ ದಕ್ಷಿಣೆ ತಗೊಂಡು ಹೋಗೋರು. ಅವರು ಹೇಳಿದ್ದು ಸುಳ್ಳಾದರೆ ಮುಂದಿನ ಯುಗಾದಿಗೆ ಅದೇ ಗುಡಿ ಮುಂದೆ, ಅದೇ ಜನದ ಮುಂದೆ ಕೂತು ಮತ್ತೆ ಓದಬೇಕಿತ್ತು. ಮಂಡಿಯವರು ಬಿಡ್ತಿರಲಿಲ್ಲ, ಏನ್ ಸ್ವಾಮಿ, ಹೋದ ವರ್ಷ ಮೂರು ಕೊಳಗ ಅಂದಿದ್ರಿ ಅಂತ ರೇಗಿಸೋರು. ಈ ಗುರುಗಳ ಮುಖವನ್ನೇ ಹುಡುಗ ನೋಡಿಲ್ಲ. ಫೋನಿನಲ್ಲಿ ಗುಂಪು ಇತ್ತು. ಒಂದು ದಿನ ಅದರಿಂದ ಇವನನ್ನ ತೆಗೆದುಹಾಕಿದರು.

ಅಕ್ಕ ಅವನನ್ನ ಬೈಯಲಿಲ್ಲ. ನಾಯಕನಹಟ್ಟಿಗೆ ಕರ್ಕೊಂಡು ಹೋಗಿ ತಿಪ್ಪೇರುದ್ರಸ್ವಾಮಿಗೆ ಕಾಯಿ ಒಡೆಸಿದಳು. ಮಾಡಿದಷ್ಟು ನೀಡು ಭಿಕ್ಷೆ ಅಂದ ಸ್ವಾಮಿಯ ಗುಡಿಯಲ್ಲಿ ಅವಳು ಏನು ಕೇಳಿಕೊಂಡಳೋ ನನಗೆ ಹೇಳಲಿಲ್ಲ. ಹುಡುಗ ಈಗ ಬಳ್ಳಾರಿಯಲ್ಲಿ ಒಂದು ಅಂಗಡಿಯ ಲೆಕ್ಕ ಬರೀತಾನೆ. ಭಾನುವಾರ ಬಂದು ಅಮ್ಮನ ಸೀರೆಗಳ ಫೋಟೋ ತೆಗೆದು ಗಿರಾಕಿಗಳಿಗೆ ಕಳಿಸ್ತಾನೆ. ಸಾಲ ಇನ್ನೂ ಒಂದೂವರೆ ಲಕ್ಷ ಉಳಿದಿದೆ.

ಹೋದ ವಾರ ಫೋನ್ ಮಾಡಿದಾಗ ಅಕ್ಕ ಹೊಸ ಪಂಚಾಂಗ ಮುಂದಿಟ್ಟುಕೊಂಡು ಕೂತಿದ್ದಳು. ಪರಾಭವ ಸಂವತ್ಸರ, ಗುರು ರಾಜ. ಅವಳು ಆ ಪುಟ ನೋಡ್ತಿರಲಿಲ್ಲ. "ಈ ಸಲ ಅಧಿಕ ಜ್ಯೇಷ್ಠ ಬಂದೈತೆ ಕಣೋ. ಮೇ 17ರಿಂದ ಜೂನ್ 15ರ ತನಕ ಒಂದು ಲಗ್ನ ಇಲ್ಲ. ಅದರ ಮುಂಚೆ ಇರೋ ಮುಹೂರ್ತಕ್ಕೆ ಹನ್ನೆರಡು ಸೀರೆ ಆಗ್ಬೇಕು, ಆಮೇಲಕ್ಕೆ ರೇಷ್ಮೆ ತರ್ಸಲ್ಲ" ಅಂದಳು. ಹಿಂದಿನಿಂದ ಮಗ್ಗದ ಸದ್ದು ಕೇಳ್ತಿತ್ತು. ಎಣ್ಣೆ ರೇಟು ಎಷ್ಟಾಗಿದೆ ಅಲ್ಲಿ ಅಂತ ಕೇಳಿದಳು. ಹೇಳಿದೆ. ಇಲ್ಲಿ ಇನ್ನೂ ಎಂಟು ರೂಪಾಯಿ ಜಾಸ್ತಿ ಅಂದಳು.